ಊರಿನ ಸಭೆಗೆ ಮಸೀದಿಯ ನಕ್ಷೆ ಬಂದಾಗ ನೀವೇನು ಮಾಡಬಹುದು

ನಾನು ಸಿವಿಲ್ ಎಂಜಿನಿಯರ್. ಹುಟ್ಟಿ ಬೆಳೆದದ್ದು ದಾವಣಗೆರೆ, ಈಗಿರುವುದು ನ್ಯೂಜೆರ್ಸಿ. ಬಂದು ಇಪ್ಪತ್ತು ವರ್ಷದ ಮೇಲಾಯಿತು. ನನ್ನ ಕೆಲಸ ಸೈಟ್ ಪ್ಲಾನ್ ಮಾಡುವುದು. ಕಟ್ಟಡ ಎಲ್ಲಿ ಬರಬೇಕು, ಕಾರು ಎಲ್ಲಿ ನಿಲ್ಲಬೇಕು, ಮಳೆ ನೀರು ಎಲ್ಲಿಗೆ ಹರಿಯಬೇಕು, ಅಷ್ಟೇ. ಬ್ಯಾಂಕು, ಡೇಕೇರ್, ಚರ್ಚು, ಎರಡು ದೇವಸ್ಥಾನ, ಮೂರು ಮಸೀದಿ ಮಾಡಿದ್ದೇನೆ. ಬ್ಯಾಂಕಿನ ನಕ್ಷೆ ತಗೊಂಡು, ಊರಿನಲ್ಲಿ ಕಟ್ಟಡಗಳಿಗೆ ಒಪ್ಪಿಗೆ ಕೊಡುವ ಪ್ಲಾನಿಂಗ್ ಬೋರ್ಡ್ ಮುಂದೆ ಹೋದರೆ ಕುರ್ಚಿಗಳೆಲ್ಲ ಖಾಲಿ. ಮಸೀದಿಯ ನಕ್ಷೆ ತಗೊಂಡು ಹೋದರೆ ನಿಲ್ಲಲೂ ಜಾಗ ಇರುವುದಿಲ್ಲ.

2013ರ ಚಳಿಗಾಲದ ಒಂದು ರಾತ್ರಿ ಇನ್ನೂ ಕಣ್ಣ ಮುಂದಿದೆ. ಊರಿನ ಹೆಸರು ಬೇಡ. ಮಸೀದಿ ಕಟ್ಟಲು ಹೊರಟ ಅರ್ಜಿದಾರರ ಪರವಾಗಿ ಡ್ರೈನೇಜ್ ವಿವರ ಹೇಳಲು ನಿಂತಿದ್ದೆ. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ಬಂದು ಮೈಕ್ ಹಿಡಿದು ಕೇಳಿದರು: "ಅಲ್ಲಿ ಪ್ರಾಣಿ ಕಡಿಯುತ್ತೀರಲ್ಲ, ಆ ರಕ್ತ ಯಾವ ಪೈಪಿನಲ್ಲಿ ಹೋಗುತ್ತದೆ?" ಆ ನಕ್ಷೆಯಲ್ಲಿ ಒಂದು ಅಡುಗೆಮನೆಯೂ ಇರಲಿಲ್ಲ. ನಾನು ಹೇಳಿದ್ದೇನು ಗೊತ್ತಾ? "ಸರ್, ಅದು ಹದಿನೈದು ಇಂಚಿನ ಪೈಪು, ಮಳೆ ನೀರು ಮಾತ್ರ ಹೋಗುತ್ತದೆ" ಅಂದೆ. ಪೈಪಿನ ಅಳತೆ ಹೇಳಿಬಿಟ್ಟೆ. ಆ ಪ್ರಶ್ನೆ ಸರಿಯಾದ ಪ್ರಶ್ನೆಯೇ ಅನ್ನುವ ಹಾಗೆ. ಮುಂದಿನ ಸಾಲಿನಲ್ಲಿ ಅರ್ಜಿದಾರರ ಮನೆಯವರು ಕೂತಿದ್ದರು. ಅವರ ಹೈಸ್ಕೂಲು ಓದುವ ಮಗಳು ತಲೆ ತಗ್ಗಿಸಿದಳು. ಅದು ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ.

ಅಮೆರಿಕದಲ್ಲಿ ಮುಸ್ಲಿಮರ ಮೇಲಿನ ದ್ವೇಷ ಅಂದರೆ ನಮಗೆ ಟಿವಿ ಚರ್ಚೆ, ವಾಷಿಂಗ್ಟನ್, ಚುನಾವಣೆ ನೆನಪಾಗುತ್ತದೆ. ಅಲ್ಲೆಲ್ಲ ನಿಮ್ಮ ನನ್ನಂಥವರ ಕೈ ಹೋಗುವುದಿಲ್ಲ. ಆದರೆ ಟೌನ್‌ಶಿಪ್, ಅಂದರೆ ಊರಿನ ಸ್ಥಳೀಯ ಆಡಳಿತದ, ಕಟ್ಟಡದ ಸಭಾಂಗಣ ಮನೆಯಿಂದ ಹತ್ತು ನಿಮಿಷದ ದೂರ. ಬಾಗಿಲು ತೆಗೆದೇ ಇರುತ್ತದೆ. ಅಲ್ಲಿ ಏನು ಮಾಡಬೇಕು ಅಂತ ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಹೋಗುವ ಮೊದಲು ಇಷ್ಟು ತಿಳಿದಿರಲಿ

2000ದಲ್ಲಿ ಎಫ್‌ಬಿಐ ಲೆಕ್ಕಕ್ಕೆ ಬಂದ ಮುಸ್ಲಿಮ್ ವಿರೋಧಿ ದ್ವೇಷದ ಪ್ರಕರಣಗಳು 28. 2001ರಲ್ಲಿ 481. ಸೆಪ್ಟೆಂಬರ್ 11ರ ದಾಳಿ ಆದ ಆರನೇ ದಿನ ಅಧ್ಯಕ್ಷ ಬುಷ್ ವಾಷಿಂಗ್ಟನ್ನಿನ ಇಸ್ಲಾಮಿಕ್ ಸೆಂಟರ್‌ಗೆ ಹೋಗಿ, ಇಸ್ಲಾಂ ಅಂದರೆ ಶಾಂತಿ ಅಂತ ಹೇಳಿ ಬಂದರು. ಅದು ಒಳ್ಳೆಯ ಕೆಲಸ. ಆದರೆ ಮರುವರ್ಷ ಅವರದೇ ಸರ್ಕಾರ 25 ದೇಶಗಳಿಂದ ಬಂದ ಗಂಡಸರು ತಮ್ಮ ಹೆಸರು ವಿಶೇಷವಾಗಿ ನೋಂದಾಯಿಸಬೇಕು ಅಂದಿತು. ಆ 25ರಲ್ಲಿ ಒಂದು ಉತ್ತರ ಕೊರಿಯ, ಉಳಿದವೆಲ್ಲ ಮುಸ್ಲಿಮರೇ ಹೆಚ್ಚಿರುವ ದೇಶಗಳು. 80 ಸಾವಿರಕ್ಕೂ ಜಾಸ್ತಿ ಜನ ಸಾಲಿನಲ್ಲಿ ನಿಂತು ಹೆಸರು ಕೊಟ್ಟರು. 13 ಸಾವಿರಕ್ಕೂ ಜಾಸ್ತಿ ಜನರನ್ನು ದೇಶದಿಂದ ಹೊರಗೆ ಕಳಿಸುವ ಪ್ರಕ್ರಿಯೆ ಶುರುವಾಯಿತು. ಭಯೋತ್ಪಾದನೆಯಲ್ಲಿ ಶಿಕ್ಷೆಯಾದವರು ಒಬ್ಬರೂ ಇಲ್ಲ.

ದಾಳಿ ಆದಾಗ ಜನಕ್ಕೆ ಹೆದರಿಕೆ ಆಗುವುದು ನನಗೆ ಅರ್ಥವಾಗುತ್ತದೆ. ಆದರೆ ಆ ಹೆದರಿಕೆಗೆ ಆಮೇಲೆ ಯಾರು ಗಾಳಿ ಹಾಕಿದರು ಅಂತ ನೋಡಿ. 2010, ಚುನಾವಣೆಯ ವರ್ಷ. ಮ್ಯಾನ್‌ಹಟನ್‌ನಲ್ಲಿ, ದಾಳಿಗೆ ಕುಸಿದ ಗೋಪುರಗಳ ಜಾಗದ ಹತ್ತಿರ, ಒಂದು ಇಸ್ಲಾಮಿಕ್ ಸೆಂಟರ್ ಕಟ್ಟುವ ಯೋಚನೆ ದೇಶದ ಚುನಾವಣೆಯ ವಿಷಯವಾಯಿತು. ಓಕ್ಲಹೋಮಾದಲ್ಲಿ ಕೋರ್ಟುಗಳು ಶರಿಯಾ ಬಳಸಬಾರದು ಅಂತ ಸಂವಿಧಾನ ತಿದ್ದಲು ನೂರಕ್ಕೆ 70 ಜನ ಮತ ಹಾಕಿದರು. ಅಲ್ಲಿ ಯಾವ ಕೋರ್ಟೂ ಶರಿಯಾ ಬಳಸಲು ಹೊರಟಿರಲಿಲ್ಲ. ಕೊನೆಗೆ ಫೆಡರಲ್ ಕೋರ್ಟು ಆ ತಿದ್ದುಪಡಿಯನ್ನು ತಡೆಯಿತು. ಟೆನೆಸಿಯ ಮರ್‌ಫ್ರೀಸ್‌ಬರೋದಲ್ಲಿ ಮಸೀದಿ ತಡೆಯಲು ಹೋದವರು, ಇಸ್ಲಾಂ ಧರ್ಮವೇ ಅಲ್ಲ ಅಂತ ಕೋರ್ಟಿನಲ್ಲಿ ವಾದಿಸಿದರು. ಅದು ಧರ್ಮವೇ ಹೌದು ಅಂತ ಅಮೆರಿಕದ ನ್ಯಾಯ ಇಲಾಖೆ ಬರೆದು ಕೊಡಬೇಕಾಯಿತು. ಬರೆದು ಕೊಡಬೇಕಾಯಿತು! 2015ರ ಡಿಸೆಂಬರ್ 7ರಂದು ಟ್ರಂಪ್ ಮುಸ್ಲಿಮರು ದೇಶದೊಳಗೆ ಬರುವುದನ್ನೇ ಪೂರ್ತಿ ನಿಲ್ಲಿಸಬೇಕು ಅಂದರು. 2017ರ ಜನವರಿಯಲ್ಲಿ ಮುಸ್ಲಿಮರೇ ಹೆಚ್ಚಿರುವ ಏಳು ದೇಶಗಳಿಂದ ಜನ ಬರುವುದರ ಮೇಲೆ ನಿರ್ಬಂಧ ಬಂತು. ಅದರ ಮೂರನೇ ರೂಪವನ್ನು 2018ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಎತ್ತಿಹಿಡಿಯಿತು. 2023ರ ಅಕ್ಟೋಬರಿನಲ್ಲಿ ಗಾಜಾ ಯುದ್ಧ ಶುರುವಾದ ಒಂದು ವಾರಕ್ಕೆ ಇಲಿನಾಯ್ ರಾಜ್ಯದ ಪ್ಲೇನ್‌ಫೀಲ್ಡ್‌ನಲ್ಲಿ ಆರು ವರ್ಷದ ಪ್ಯಾಲೆಸ್ಟೀನಿ ಹುಡುಗನನ್ನು ಅವನ ಮನೆಯ ಮಾಲೀಕನೇ ಇರಿದು ಕೊಂದ. ಆ ಮನೆಯ ಮಾಲೀಕ ರೇಡಿಯೋದಲ್ಲಿ ಯುದ್ಧದ ಮಾತು ಕೇಳುತ್ತಾ ತಲೆ ಕೆಡಿಸಿಕೊಂಡಿದ್ದ ಅಂತ ಸರ್ಕಾರಿ ವಕೀಲರು ಹೇಳಿದರು. 2025ರಲ್ಲಿ ಜೊಹ್ರಾನ್ ಮಮ್ದಾನಿ ನ್ಯೂಯಾರ್ಕಿನ ಮೇಯರ್ ಚುನಾವಣೆಗೆ ನಿಂತಾಗ ಅವರ ಧರ್ಮವನ್ನು ಹಿಡಿದು ಏನೇನು ಅಂದರು ಅನ್ನುವುದನ್ನು ನೀವೇ ಕೇಳಿದ್ದೀರಿ.

ದೊಡ್ಡ ಊರಿನಲ್ಲಿ ಇದೆಲ್ಲ ಜೋರಾಗಿ ಕೇಳಿಸುತ್ತದೆ. ನಮ್ಮ ಸಬರ್ಬ್‌ಗಳಲ್ಲಿ ಇದು ಪಾರ್ಕಿಂಗ್ ಅನ್ನುವ ಹೆಸರಿನಲ್ಲಿ ಬರುತ್ತದೆ.

ಪಾರ್ಕಿಂಗ್ ಮಾತನ್ನು ಕೇಳಿಸಿಕೊಳ್ಳುವುದು ಹೇಗೆ

ಬರ್ನಾರ್ಡ್ಸ್ ಟೌನ್‌ಶಿಪ್ ಕಥೆ ಹೇಳುತ್ತೇನೆ. ಇದರಲ್ಲಿ ನಾನು ಕೆಲಸ ಮಾಡಿಲ್ಲ. ಆದರೆ ನಮ್ಮ ವೃತ್ತಿಯಲ್ಲಿ ಇರುವವರಿಗೆಲ್ಲ ಗೊತ್ತಿರುವ ಪ್ರಕರಣ. ಸಾಮರ್‌ಸೆಟ್ ಕೌಂಟಿಯ ಆ ಊರಿನಲ್ಲಿ ಬಾಸ್ಕಿಂಗ್ ರಿಡ್ಜ್ ಇಸ್ಲಾಮಿಕ್ ಸೊಸೈಟಿ ನಾಲ್ಕು ಎಕರೆ ಜಾಗ ಕೊಂಡಿತು. 2012ರಲ್ಲಿ ಸಣ್ಣ ಮಸೀದಿಗೆ ಅರ್ಜಿ ಹಾಕಿತು. 150 ಜನ ಕೂರುವಷ್ಟು. ಸೊಸೈಟಿಯ ಅಧ್ಯಕ್ಷರು ಅದೇ ಊರಿಗೆ ಹಿಂದೆ ಮೇಯರ್ ಆಗಿದ್ದವರು. ಆ ಜಾಗದಲ್ಲಿ ಪ್ರಾರ್ಥನಾ ಮಂದಿರ ಕಟ್ಟಲು ಝೋನಿಂಗ್‌ನಲ್ಲಿ, ಅಂದರೆ ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನುವ ಊರಿನ ನಿಯಮದಲ್ಲಿ, ಅವಕಾಶ ಇತ್ತು. ನನ್ನ ಲೆಕ್ಕದಲ್ಲಿ ಮೂರು ನಾಲ್ಕು ಹಿಯರಿಂಗ್‌ನಲ್ಲಿ ಮುಗಿಯುವ ಕೆಲಸ.

ನಡೆದದ್ದು 39 ಹಿಯರಿಂಗ್. ಹತ್ತಿರ ಹತ್ತಿರ ನಾಲ್ಕು ವರ್ಷ.

ಚರ್ಚುಗಳಿಗೆ ಆ ಊರಿನಲ್ಲಿ ಮೂರು ಸೀಟಿಗೆ ಒಂದು ಕಾರಿನ ಜಾಗ. ಆ ಲೆಕ್ಕದಲ್ಲಿ ಮಸೀದಿಗೆ 50. ಬೋರ್ಡು ಕೇಳಿದ್ದು 107. ಮಸೀದಿ ಚರ್ಚಿನ ಹಾಗಲ್ಲ, ಅದರ ಲೆಕ್ಕವೇ ಬೇರೆ ಅಂದರು. 107 ಕಾರಿಗೆ ಜಾಗ ಬಿಟ್ಟರೆ ಏನಾಗುತ್ತದೆ ಅಂತ ನಾನು ಹೇಳುತ್ತೇನೆ ಕೇಳಿ. ಡಾಂಬರು ಜಾಸ್ತಿ ಆಗುತ್ತದೆ. ಡಾಂಬರು ಜಾಸ್ತಿ ಆದರೆ ಮಳೆ ನೀರು ಜಾಸ್ತಿ ಹರಿಯುತ್ತದೆ. ಅದಕ್ಕೆ ದೊಡ್ಡ ಹೊಂಡ ಬೇಕು. ಹೊಂಡ ದೊಡ್ಡದಾದರೆ ಪಕ್ಕದ ಮನೆಗೂ ಇದಕ್ಕೂ ನಡುವೆ ಬಿಡಬೇಕಾದ ಮರಗಳ ಸಾಲಿಗೆ ಜಾಗ ಸಾಲದು. ಆಗ ಅದೇ ಬೋರ್ಡು, ಮರದ ಸಾಲು ಸಾಲದು, ನೀರಿನ ವ್ಯವಸ್ಥೆ ಸರಿ ಇಲ್ಲ ಅನ್ನಬಹುದು. ಒಂದು ಸಂಖ್ಯೆಯಿಂದ ಇಡೀ ನಕ್ಷೆ ಕುಸಿಯುತ್ತದೆ. ಯಾರೂ ಇಸ್ಲಾಂ ಅನ್ನುವ ಪದ ಬಾಯಿಗೆ ತರಬೇಕಿಲ್ಲ. ಅರ್ಜಿ ಬೋರ್ಡಿನ ಮುಂದೆ ಇರುವಾಗಲೇ, ಇನ್ನು ಮುಂದೆ ಪ್ರಾರ್ಥನಾ ಮಂದಿರಕ್ಕೆ ಕನಿಷ್ಠ ಆರು ಎಕರೆ ಬೇಕು ಅಂತ ಊರಿನ ನಿಯಮವೂ ಬದಲಾಯಿತು. 2015ರ ಡಿಸೆಂಬರಿನಲ್ಲಿ ಅರ್ಜಿ ತಿರಸ್ಕಾರವಾಯಿತು. ಟ್ರಂಪ್ ಆ ಮಾತು ಆಡಿದ ಅದೇ ವಾರ. ಮುಂದೆ ಸೊಸೈಟಿ ಕೋರ್ಟಿಗೆ ಹೋಯಿತು, ನ್ಯಾಯ ಇಲಾಖೆಯೂ ದಾವೆ ಹೂಡಿತು. ಪಾರ್ಕಿಂಗ್ ವಿಷಯದಲ್ಲಿ ಫೆಡರಲ್ ನ್ಯಾಯಾಧೀಶರು ಸೊಸೈಟಿಯ ಪರ ತೀರ್ಪು ಕೊಟ್ಟರು. 2017ರ ಮೇ ತಿಂಗಳಲ್ಲಿ 32.5 ಲಕ್ಷ ಡಾಲರಿಗೆ ರಾಜಿಯಾಯಿತು, ಮಸೀದಿಗೆ ಒಪ್ಪಿಗೆಯೂ ಸಿಕ್ಕಿತು.

ಅದು ಬೇರೆ ಊರು ಅನ್ನಬೇಡಿ. ಪಕ್ಕದ ಬ್ರಿಡ್ಜ್‌ವಾಟರ್ ಅಂದರೆ ನಮಗೆಲ್ಲ ವೆಂಕಟೇಶ್ವರ ದೇವಸ್ಥಾನ. ಹೊಸ ಕಾರು ಪೂಜೆಗೆ ಅಲ್ಲಿಗೇ ಹೋಗುತ್ತೇವೆ. ಅದೇ ಬ್ರಿಡ್ಜ್‌ವಾಟರ್‌ನಲ್ಲಿ ಒಂದು ಹಳೇ ಪಾರ್ಟಿ ಹಾಲನ್ನು ಮಸೀದಿ ಮಾಡುತ್ತೇವೆ ಅಂತ ಅಲ್ ಫಲಾಹ್ ಸೆಂಟರ್ ಕೇಳಿತು. 2011ರಲ್ಲಿ ಊರಿನ ನಿಯಮ ಬದಲಾಯಿತು: ಪ್ರಾರ್ಥನಾ ಮಂದಿರಗಳು ಕೆಲವು ದೊಡ್ಡ ರಸ್ತೆಗಳ ಮೇಲೆ ಮಾತ್ರ. ಅದೂ ಕೋರ್ಟಿಗೆ ಹೋಗಿ 2014ರಲ್ಲಿ 77.5 ಲಕ್ಷ ಡಾಲರಿನಲ್ಲಿ ಮುಗಿಯಿತು, ಮಸೀದಿಗೆ ಬೇರೆ ಜಾಗ ಕೊಡಿಸುವ ಖರ್ಚೂ ಸೇರಿ. ಮದುವೆ ಪಾರ್ಟಿಗೆ ಸರಿ ಇದ್ದ ಕಟ್ಟಡ ನಮಾಜಿಗೆ ಯಾಕೆ ಸರಿ ಇಲ್ಲ?

ಹಾಗಂತ ಟ್ರಾಫಿಕ್ ಬಗ್ಗೆ ಮಾತಾಡುವವರೆಲ್ಲ ದ್ವೇಷಿಗಳು ಅಂತ ಅಲ್ಲ. ನಿಜವಾಗಿ ಕಿರಿದಾದ ರಸ್ತೆ ಇರುತ್ತದೆ, ನಿಜವಾಗಿ ನೀರು ನಿಲ್ಲುವ ಜಾಗ ಇರುತ್ತದೆ. ಗುರುತು ಹಿಡಿಯುವುದು ಹೇಗೆ? ನಾನು ಒಂದು ಕೆಲಸ ಮಾಡುತ್ತೇನೆ. ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಒಂದು ಕಡೆ ಪ್ರಶ್ನೆ ಬರೆಯುತ್ತೇನೆ. ಇನ್ನೊಂದು ಕಡೆ, ಅದೇ ಊರಿನ ಚರ್ಚಿಗೆ, ದೇವಸ್ಥಾನಕ್ಕೆ, ಡೇಕೇರ್‌ಗೆ ಇದೇ ಪ್ರಶ್ನೆ ಕೇಳಿದ್ದರಾ ಅಂತ. ಹಳೇ ಹಿಯರಿಂಗ್‌ಗಳ ಮಿನಿಟ್ಸ್ ಟೌನ್‌ಶಿಪ್ ಆಫೀಸಿನಲ್ಲಿ ಸಿಗುತ್ತವೆ, ಕೇಳಿದರೆ ಕೊಡುತ್ತಾರೆ. ನಿಜವಾದ ಚಿಂತೆ ಇರುವವರಿಗೆ ಉತ್ತರ ಕೊಟ್ಟರೆ ಸಮಾಧಾನ ಆಗುತ್ತದೆ. ಶುಕ್ರವಾರದ ದೊಡ್ಡ ನಮಾಜು ಮಧ್ಯಾಹ್ನ ಒಂದು ಗಂಟೆಯ ಆಸುಪಾಸು, ಆಫೀಸಿಗೆ ಹೋಗಿ ಬರುವ ಟ್ರಾಫಿಕ್ಕಿನ ಹೊತ್ತಲ್ಲ ಅಂತ ನಾನು ವಿವರಿಸಿದಾಗ "ಓ, ಸರಿ" ಅಂತ ಕೂತವರನ್ನು ನೋಡಿದ್ದೇನೆ. ಉತ್ತರ ಸಿಕ್ಕ ತಕ್ಷಣ ಬೇರೆ ಕಾರಣ ಹುಡುಕುವವರು ಬೇರೆ. ಪಾರ್ಕಿಂಗ್ ಮುಗಿಯಿತು, ಲೈಟು. ಲೈಟು ಮುಗಿಯಿತು, ಸದ್ದು. ಸದ್ದು ಮುಗಿಯಿತು, "ನಿಮಗೆ ದುಡ್ಡು ಎಲ್ಲಿಂದ ಬರುತ್ತದೆ?" ಅಲ್ಲಿಗೆ ತಿಳಿಯುತ್ತದೆ.

ಕೂತು ಕೇಳುವುದು, ಎದ್ದು ಮಾತಾಡುವುದು

ಇದು ನ್ಯೂಜೆರ್ಸಿಯ ರೀತಿ. ಬೇರೆ ರಾಜ್ಯದವರು ನಿಮ್ಮ ಕಡೆಯ ನಿಯಮ ನೋಡಿಕೊಳ್ಳಿ.

ಜಾಗದಿಂದ 200 ಅಡಿಯೊಳಗೆ ಮನೆ ಇರುವವರಿಗೆ ಹಿಯರಿಂಗ್‌ಗೆ ಹತ್ತು ದಿನ ಮೊದಲೇ ನೋಟಿಸ್ ಬರುತ್ತದೆ. ಉಳಿದವರು ಟೌನ್‌ಶಿಪ್ ವೆಬ್‌ಸೈಟಿನಲ್ಲಿ ಅಜೆಂಡಾ ನೋಡಬೇಕು. ನಕ್ಷೆಗಳೂ ಹತ್ತು ದಿನ ಮೊದಲೇ ಆಫೀಸಿನಲ್ಲಿ ನೋಡಲು ಸಿಗುತ್ತವೆ. ಒಮ್ಮೆ ಹೋಗಿ ನೋಡಿ ಬನ್ನಿ. ನಕ್ಷೆ ಓದಲು ಬರದಿದ್ದರೂ ಪರವಾಗಿಲ್ಲ. ಎಷ್ಟು ಸೀಟು, ಎಷ್ಟು ಕಾರು, ಕಟ್ಟಡ ಎಷ್ಟು ಎತ್ತರ, ಇಷ್ಟು ಬರೆದುಕೊಂಡರೆ ಸಭೆಯಲ್ಲಿ ಯಾರಾದರೂ "ದೊಡ್ಡ ಕೋಟೆ ಕಟ್ಟುತ್ತಾರೆ" ಅಂದಾಗ ನಿಮ್ಮ ಹತ್ತಿರ ಅಂಕಿ ಇರುತ್ತದೆ.

ಬೋರ್ಡಿನ ಸದಸ್ಯರು ನಿಮ್ಮ ಪರಿಚಯದವರಾದರೂ ಮೊದಲೇ ಫೋನ್ ಮಾಡಿ ಮಾತಾಡಬೇಡಿ. ಆ ಬೋರ್ಡು ಒಂಥರಾ ಕೋರ್ಟಿನ ಹಾಗೆ. ಹೊರಗೆ ಮಾತಾಡಿದರೆ ಅರ್ಜಿದಾರರಿಗೇ ತೊಂದರೆ. ಸಹಿ ಸಂಗ್ರಹ, ಪತ್ರ ಇವೂ ನಡೆಯುವುದಿಲ್ಲ. ಪತ್ರಕ್ಕೆ ಪಾಟಿ ಸವಾಲು ಹಾಕಲು ಆಗುವುದಿಲ್ಲವಲ್ಲ, ಅದಕ್ಕೆ. ಹೇಳಬೇಕಾದವರು ತಾವೇ ಬಂದು ನಿಲ್ಲಬೇಕು.

ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ. ಸಭೆಯಲ್ಲಿ ಮೊದಲು ಸಾಕ್ಷಿಗಳ ಹೇಳಿಕೆ, ಒಬ್ಬೊಬ್ಬರ ಹೇಳಿಕೆ ಆದ ಮೇಲೆ ಜನರ ಪ್ರಶ್ನೆ. ಅಭಿಪ್ರಾಯ ಹೇಳುವ ಸರದಿ ಕೊನೆಗೆ. ನಮ್ಮವರು ಪ್ರಶ್ನೆಯ ಹೊತ್ತಿನಲ್ಲಿ ಭಾಷಣ ಶುರು ಮಾಡಿ ಬೈಸಿಕೊಂಡು ಕೂತುಬಿಡುತ್ತಾರೆ, ಮತ್ತೆ ಏಳುವುದೇ ಇಲ್ಲ. ಪ್ರಶ್ನೆಯ ಹೊತ್ತಿನಲ್ಲಿ ಪ್ರಶ್ನೆಯನ್ನೇ ಕೇಳಿ. ಉಪಯೋಗಕ್ಕೆ ಬರುವ ಪ್ರಶ್ನೆ ಕೇಳಿ: "ಈ ರಸ್ತೆಯಲ್ಲಿರುವ ಚರ್ಚಿಗೆ ಎಷ್ಟು ಕಾರಿನ ಜಾಗ ಕೇಳಿದ್ದಿರಿ?" ಈ ಒಂದು ಪ್ರಶ್ನೆ, ಅದರ ಉತ್ತರ ದಾಖಲೆಗೆ ಹೋಗುತ್ತದೆ. ಮುಂದೆ ಕೋರ್ಟಿನಲ್ಲಿ ಓದುವುದು ಆ ದಾಖಲೆಯನ್ನೇ. 2000ದಲ್ಲಿ ಬಂದ ಒಂದು ಫೆಡರಲ್ ಕಾನೂನು ಇದೆ, ವಕೀಲರು ಅದನ್ನು ಆರ್‌ಲೂಪಾ ಅನ್ನುತ್ತಾರೆ. ಜಾಗದ ವಿಷಯದಲ್ಲಿ ಒಂದು ಧರ್ಮಕ್ಕೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು ಮಾಡಬಾರದು ಅಂತ ಅದು ಹೇಳುತ್ತದೆ. ನಮ್ಮ ದೇವಸ್ಥಾನಗಳಿಗೂ ಅದೇ ಕಾನೂನೇ ಆಸರೆ.

ಅಭಿಪ್ರಾಯ ಹೇಳುವಾಗ ಮೂರು ನಿಮಿಷ ಸಿಗುತ್ತದೆ ಅಂದುಕೊಳ್ಳಿ. ಪ್ರಮಾಣ ಮಾಡಿಸುತ್ತಾರೆ, ಹೆಸರು ವಿಳಾಸ ಕೇಳುತ್ತಾರೆ. ಧರ್ಮದ ಬಗ್ಗೆ ಪಾಠ ಮಾಡಲು ಹೋಗಬೇಡಿ. ನೀವು ಕಂಡದ್ದನ್ನು ಹೇಳಿ. ನಾನು ಹೇಳಿದ್ದು ಹೀಗಿತ್ತು: "ಈ ಊರಿನಲ್ಲಿ ನಾನು ಹನ್ನೊಂದು ವರ್ಷದಿಂದ ಇದ್ದೇನೆ. ಈ ರಸ್ತೆಯಲ್ಲಿ ದಿನಾ ಓಡಾಡುತ್ತೇನೆ. ಅರ್ಜಿದಾರರ ಮಕ್ಕಳು ನನ್ನ ಮಕ್ಕಳ ಶಾಲೆಯಲ್ಲೇ ಓದುತ್ತಾರೆ. ಈಗ ಅವರು ಬೇರೆ ಊರಿಗೆ ನಲವತ್ತು ನಿಮಿಷ ಕಾರು ಓಡಿಸಿ ನಮಾಜಿಗೆ ಹೋಗುತ್ತಿದ್ದಾರೆ. ಸ್ವಲ್ಪ ಹೊತ್ತಿನ ಮುಂಚೆ ಇಲ್ಲಿ ಒಬ್ಬರು ಪ್ರಾಣಿಗಳ ರಕ್ತದ ಮಾತಾಡಿದರು. ಆ ಮಾತು ನಕ್ಷೆಗೆ ಸಂಬಂಧಪಟ್ಟದ್ದಲ್ಲ. ಇಲ್ಲಿ ಕೂತಿರುವ ಮಕ್ಕಳಿಗೆ ಅದು ನೋವು ಮಾಡಿದೆ. ದಾಖಲೆಯಲ್ಲಿ ಇರಲಿ ಅಂತ ಹೇಳುತ್ತಿದ್ದೇನೆ." ಇದು 2013ರಲ್ಲಿ ಹೇಳಿದ್ದಲ್ಲ, ನಾನಿರುವ ಊರಿನಲ್ಲಿ, ಬೇರೆ ಮಸೀದಿಯ ಹಿಯರಿಂಗ್‌ನಲ್ಲಿ, ಆರು ವರ್ಷ ಆದ ಮೇಲೆ. ಪ್ರಶ್ನೆ ಮಾತ್ರ ಅದೇ ಬಂದಿತ್ತು.

ವೀಸಾದಲ್ಲಿ ಇದ್ದೇವೆ, ನಾವು ಮಾತಾಡಬಹುದಾ ಅಂತ ಹುಡುಗರು ಕೇಳುತ್ತಾರೆ. ಸಭೆಗೆ ಬರಲು ಪೌರತ್ವ ಬೇಕಿಲ್ಲ. ಆದರೂ ಹೆದರಿಕೆ ಆದರೆ ಸುಮ್ನೆ ಬಂದು ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ಯಾವ ಕಡೆ ಎಷ್ಟು ತಲೆ ಅಂತ ಬೋರ್ಡು ನೋಡುತ್ತದೆ. ಅದಕ್ಕಿಂತ ಜಾಸ್ತಿ, ಆ ಮನೆಯವರು ನೋಡುತ್ತಾರೆ.

ನಾಲ್ಕು ಜನರನ್ನು ಹೊರಡಿಸುವುದು

ನಿಜ ಹೇಳಬೇಕೆಂದರೆ ಇದು ನನಗೆ ಸಭೆಗಿಂತ ಕಷ್ಟ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಿಯರಿಂಗ್ ತಾರೀಖು ಹಾಕಿದೆ. ಯುಗಾದಿ ಕಾರ್ಯಕ್ರಮ ಅಂದರೆ ಅರವತ್ತು ಜನ "ಬರ್ತೀವಿ" ಅನ್ನುವ ಗುಂಪು ಅದು. ಯಾರೂ ಮಾತಾಡಲಿಲ್ಲ. ಒಬ್ಬರು ಒಂದು ವಿಡಿಯೋ ಕಳಿಸಿದರು. ಇನ್ನೊಬ್ಬರು "ನಮಗ್ಯಾಕೆ ಬೇಕು ಮೇಡಂ" ಅಂದರು. ಭಾರತದಿಂದ ಹೊತ್ತುಕೊಂಡು ಬಂದ ಕಹಿ ಇಲ್ಲಿಯ ಕಹಿಯ ಜೊತೆ ಸುಲಭವಾಗಿ ಬೆರೆಯುತ್ತದೆ. 2022ರ ಆಗಸ್ಟ್‌ನಲ್ಲಿ ಎಡಿಸನ್‌ನಲ್ಲಿ ಭಾರತದ ಸ್ವಾತಂತ್ರ್ಯೋತ್ಸವದ ಮೆರವಣಿಗೆಯಲ್ಲಿ ಬುಲ್‌ಡೋಜರ್ ತಂದಿದ್ದರು, ಅಲ್ಲಿ ಮುಸ್ಲಿಮರ ಮನೆ ಕೆಡವುವುದರ ಗುರುತಾಗಿಬಿಟ್ಟಿರುವ ಬುಲ್‌ಡೋಜರ್. ಆಮೇಲೆ ಕ್ಷಮೆ ಕೇಳಬೇಕಾಯಿತು. ನಮ್ಮ ಮಕ್ಕಳು ಅದನ್ನು ನೋಡಿ ಬುಲ್‌ಡೋಜರ್ ಯಾಕೆ ಅಮ್ಮಾ ಅಂದರೆ ಏನಂತ ಹೇಳುವುದು?

"ನಮಗ್ಯಾಕೆ" ಅಂದವರಿಗೆ ಜನ ಸಾಮಾನ್ಯವಾಗಿ ಒಂದು ಉತ್ತರ ಕೊಡುತ್ತಾರೆ: ಇವತ್ತು ಅವರು, ನಾಳೆ ನಾವು. ಅದು ಸುಳ್ಳಲ್ಲ. 2001ರ ಸೆಪ್ಟೆಂಬರ್ 15ರಂದು ಅರಿಜೋನಾದ ಮೇಸಾದಲ್ಲಿ ಕೊಂದದ್ದು ಬಲ್ಬೀರ್ ಸಿಂಗ್ ಸೋಧಿಯವರನ್ನು, ತಲೆಯ ಪಗಡಿ ನೋಡಿ. 2017ರ ಫೆಬ್ರವರಿಯಲ್ಲಿ ಕ್ಯಾನ್ಸಸ್‌ನ ಒಲೇತದಲ್ಲಿ ಕೊಂದದ್ದು ಹೈದರಾಬಾದಿನ ಎಂಜಿನಿಯರ್ ಶ್ರೀನಿವಾಸ್ ಕೂಚಿಭೊಟ್ಲ ಅವರನ್ನು, ಇರಾನಿನವರು ಅಂದುಕೊಂಡು. ನಾನೂ ತುಂಬಾ ದಿನ ಇದನ್ನೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ತಪ್ಪು ತಿಳಿದು ಕೊಂದರು ಅಂತ ಪದೇಪದೇ ಹೇಳಿದರೆ, ಸರಿಯಾಗಿ ತಿಳಿದು ಕೊಂದಿದ್ದರೆ ಪರವಾಗಿಲ್ಲವೇ ಅನ್ನುವ ಪ್ರಶ್ನೆ ಉಳಿಯುತ್ತದೆ. 2008ರಲ್ಲಿ ಒಬಾಮ ಮುಸ್ಲಿಮ್ ಅಂತ ಗುಲ್ಲೆಬ್ಬಿಸಿದಾಗ ಎಲ್ಲರೂ "ಅಲ್ಲ, ಅವರು ಕ್ರಿಶ್ಚಿಯನ್" ಅನ್ನುತ್ತಿದ್ದರು. ಬುಷ್ ಸರ್ಕಾರದಲ್ಲಿ ವಿದೇಶಾಂಗ ಮಂತ್ರಿಯಾಗಿದ್ದ ಜನರಲ್ ಕಾಲಿನ್ ಪವೆಲ್ ಟಿವಿಯಲ್ಲಿ ಕೂತು, ಮುಸ್ಲಿಮ್ ಆಗಿದ್ದರೆ ಏನೀಗ, ಈ ದೇಶದಲ್ಲಿ ಅದು ತಪ್ಪಾ ಅಂತ ಕೇಳಿದರು. ನಾನು ಈಗ ಆ ಪ್ರಶ್ನೆಯನ್ನೇ ಕೇಳುತ್ತೇನೆ. ಗುಂಪಿನಲ್ಲಿ ಅಲ್ಲ, ಒಬ್ಬೊಬ್ಬರಿಗೇ ಫೋನ್ ಮಾಡಿ. ಗುಂಪಿನಲ್ಲಿ ವಾದ ಮಾಡಿ ನಾನು ಯಾರನ್ನೂ ಒಲಿಸಿಲ್ಲ. ಫೋನಿನಲ್ಲಿ ಮೂವರು ಒಪ್ಪಿದರು. ನನ್ನ ಜೊತೆ ನಾಲ್ಕು.

ಸಭೆಯ ಹೊರಗೆ

ಶಾಲೆಯಲ್ಲಿ ಹಿಜಾಬ್ ಎಳೆದರು, ಭಯೋತ್ಪಾದಕಿ ಅಂದರು ಅಂತ ನಿಮ್ಮ ಮಗು ಬಂದು ಹೇಳಿದರೆ, ಅದು ತನ್ನ ಗೆಳತಿಗೆ ಆದದ್ದಾದರೂ ಸರಿ, ಪ್ರಿನ್ಸಿಪಾಲರಿಗೆ ಅದೇ ದಿನ ಬರೆದು ಕೊಡಿ. ಶಾಲೆಯಲ್ಲಿ ಮಕ್ಕಳನ್ನು ಪೀಡಿಸುವುದರ ವಿರುದ್ಧ ನ್ಯೂಜೆರ್ಸಿಯಲ್ಲಿ 2011ರಿಂದ ಕಟ್ಟುನಿಟ್ಟಿನ ಕಾನೂನಿದೆ. ದೂರು ಹೋದರೆ ಒಂದು ಶಾಲಾ ದಿನದಲ್ಲಿ ವಿಚಾರಣೆ ಶುರು ಮಾಡಬೇಕು, ಬರಹದ ದೂರು ಬಂದ ಹತ್ತು ಶಾಲಾ ದಿನದಲ್ಲಿ ಮುಗಿಸಬೇಕು. ತಮಾಷೆಗೆ ಅಂದದ್ದು ಅಂತ ಮಾತಿನಲ್ಲೇ ತೇಲಿಸಲು ಬಿಡಬೇಡಿ. ಆ ಮಗುವಿನ ಅಪ್ಪ ಅಮ್ಮನಿಗೆ ಮೊದಲು ಹೇಳಿ, ಅವರು ಒಪ್ಪಿದ ಮೇಲೆ ಬರೆಯಿರಿ.

ರೈಲಿನಲ್ಲಿ ಯಾರಾದರೂ ಕೂಗಾಡಿದರೆ ಕೂಗುವವನ ಹತ್ತಿರ ಹೋಗಬೇಡಿ. 2017ರಲ್ಲಿ ಪೋರ್ಟ್‌ಲ್ಯಾಂಡ್‌ನ ರೈಲಿನಲ್ಲಿ ಇಬ್ಬರು ಹುಡುಗಿಯರ ಪರ ನಿಂತ ಇಬ್ಬರು ಪ್ರಾಣ ಕಳೆದುಕೊಂಡರು. ಬೈಸಿಕೊಳ್ಳುತ್ತಿರುವವರ ಪಕ್ಕ ಹೋಗಿ ಕೂತು "ಮುಂದಿನ ಸ್ಟೇಷನ್ ಯಾವುದು?" ಅಂತ ಮಾತು ತೆಗೆಯಿರಿ. ಪರಿಚಯದವರ ಹಾಗೆ. ರೈಟ್ ಟು ಬಿ ಅನ್ನುವ ಸಂಸ್ಥೆ ಇದನ್ನು ಉಚಿತವಾಗಿ ಕಲಿಸುತ್ತದೆ, ಒಂದು ಗಂಟೆಯ ತರಬೇತಿ.

ಹಿಯರಿಂಗ್ ಮುಗಿದ ಮೇಲೆ

ಸಾಮಾನ್ಯವಾಗಿ ರಾತ್ರಿ ಹತ್ತೂವರೆಯ ಹೊತ್ತಿಗೆ ಬೋರ್ಡು ನಿಲ್ಲಿಸುತ್ತದೆ. ಮುಂದಿನ ತಾರೀಖು ಆಗಲೇ ಬಾಯಿಮಾತಿನಲ್ಲಿ ಹೇಳಿಬಿಡುತ್ತಾರೆ. ಹಾಗೆ ಹೇಳಿದರೆ ಮತ್ತೆ ಯಾರಿಗೂ ನೋಟಿಸ್ ಕಳಿಸಬೇಕಿಲ್ಲ. ಬೇಗ ಎದ್ದು ಹೋದವರಿಗೆ ತಾರೀಖು ಗೊತ್ತೇ ಆಗುವುದಿಲ್ಲ. ಹೀಗಾಗಿ ಮೊದಲ ಸಭೆಗೆ ಬಂದ ಒಳ್ಳೆಯವರು ಮೂರನೇ ಸಭೆಗೆ ಇರುವುದಿಲ್ಲ. ವಿರೋಧಿಸುವವರು ಮಾತ್ರ ಪ್ರತಿ ಸಲ ಇರುತ್ತಾರೆ. ಕೊನೆಯವರೆಗೂ ಕೂತಿರಿ.

ಆಮೇಲೆ ನೇರ ಕಾರಿಗೆ ಹೋಗಬೇಡಿ. ಅರ್ಜಿದಾರರು ಸಾಮಾನ್ಯವಾಗಿ ಬಾಗಿಲ ಹತ್ತಿರ ತಮ್ಮ ವಕೀಲರ ಜೊತೆ ನಿಂತಿರುತ್ತಾರೆ. ಹೋಗಿ ಹೆಸರು ಹೇಳಿ. ನಾನು ಮಾತಾಡಿದ ರಾತ್ರಿ ನಾವು ನಾಲ್ಕೂ ಜನ ಹೋದೆವು. ಅರ್ಜಿದಾರರಲ್ಲಿ ಒಬ್ಬ ಹಿರಿಯರು ಏನೂ ಹೇಳಲಿಲ್ಲ, ನಮ್ಮ ಕೈ ಹಿಡಿದುಕೊಂಡರು. ಅವರ ಹೆಂಡತಿ ಮಾತ್ರ ಕೇಳಿದರು: "ಮುಂದಿನ ಸಲಾನೂ ಬರ್ತೀರಾ?"

ನೋಟ್‌ಬುಕ್ಕಿನಲ್ಲಿ ತಾರೀಖು ಬರೆದುಕೊಂಡಿದ್ದೆ. ತೆಗೆದು ತೋರಿಸಿದೆ.